ಕುಣಿಗಲ್ ಕೆರೆ ಹಾಡು: ಬರೆದವರು ಯಾರು?

ಬೆಂಗಳೂರಿನಿಂದ ಹಾಸನದ ಕಡೆ ಹೊರಟರೆ ಸುಮಾರು 70 ಕಿಲೋಮೀಟರಿಗೆ ಕುಣಿಗಲ್. ಅಲ್ಲಿನ ದೊಡ್ಡಕೆರೆಯನ್ನು ಕಣ್ಣಾರೆ ಕಾಣದವರಿಗೂ ‘ಮೂಡಲ್ ಕುಣಿಗಲ್ ಕೆರೆ’ ಹಾಡು ಗೊತ್ತು. ರೇಡಿಯೊ, ಕ್ಯಾಸೆಟ್ಟು, ಸ್ಕೂಲ್ ಡೇ, ಈಗ ರೀಲ್ಸು.

ಬರೆದವರು ಯಾರು? ಹೆಸರಿಲ್ಲ. ಇದು ಜನಪದ ಗೀತೆ. ಒಬ್ಬರು ಎತ್ತಿಕೊಡ್ತಾರೆ, ಉಳಿದವರು ಸೊಲ್ಲು ಹಿಡೀತಾರೆ. ಬಾಯಿಂದ ಬಾಯಿಗೆ ಹೋಗೋವಾಗ ನುಡಿಗಳು ಒಂದಿಷ್ಟು ಹೆಚ್ಚು, ಒಂದಿಷ್ಟು ಕಡಿಮೆ.

ಹಾಡಲ್ಲಿ ದೊಡ್ಡ ಕಥೆ ಏನೂ ಇಲ್ಲ. ಚಂದ್ರ ಮೂಡ್ತಾನೆ, ಕೆರೆಯ ಚಂದ ನೋಡೋಕೆ ಶಿವನೇ ಬರ್ತಾನೆ. ತುಂಬಿದ ಕೆರೆಗೆ ಹೋಲಿಕೆ ಯಾವುದು ಗೊತ್ತಾ? ಸಮುದ್ರ ಅಲ್ಲ, ನಿಂಬೆಹಣ್ಣು! ಪಂಡಿತರಿಗೆ ಇದು ಹೊಳೀತಿತ್ತಾ? ನನಗಂತೂ ಅನುಮಾನ. ಈ ಬಯಲುಸೀಮೆಯಲ್ಲಿ ಕೆರೆ ತುಂಬೋದೇ ದೊಡ್ಡ ಸುದ್ದಿ. ಅದಕ್ಕೇ ಹಾಡಿಗೆ ಅಷ್ಟೊಂದು ಸಂಭ್ರಮ.

ಈಗ ಮಳೆಯ ಜೊತೆಗೆ ಕುಣಿಗಲ್ ಹೇಮಾವತಿಯ ದಾರಿಯನ್ನೂ ಕಾಯುತ್ತೆ. ಹಾಸನ ಜಿಲ್ಲೆಯ ಗೊರೂರು ಡ್ಯಾಮಿನ ನೀರು ನಾಲೆಯಲ್ಲಿ ಗುಬ್ಬಿ, ತುಮಕೂರು ಸೀಮೆ ದಾಟಿ ಬರಬೇಕು. ಕೊನೆಯಲ್ಲಿರೋ ಕುಣಿಗಲ್‌ಗೆ ನೇರವಾಗಿ ಹರಿಸೋಕೆ ಅಂತ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂತು. ನಮ್ಮ ನೀರು ಹೋಗುತ್ತೆ ಅಂತ 2025ರಲ್ಲಿ ಗುಬ್ಬಿ, ತುಮಕೂರಿನ ರೈತರು ಬೀದಿಗಿಳಿದರು. ನಮ್ಮ ಪಾಲು ನಮಗೆ ಕೊಡಿ ಅನ್ನೋದು ಕುಣಿಗಲ್‌ನವರ ಮಾತು.