ಖಾಲಿ ಪಿಕಪ್ ಏಕೆ ಜಾರುತ್ತದೆ?

ಉತ್ತರೆ, ಹಸ್ತ, ಚಿತ್ತೆ ಮಳೆ ಹಿಡಿದಾಗ ಕುಣಿಗಲ್ ಸೀಮೆಯ ತೋಟದ ದಾರಿಗಳಲ್ಲಿ ಒಂದು ಸೋಜಿಗ ನಡೆಯುತ್ತದೆ. ತೆಂಗಿನಕಾಯಿ ತುಂಬಿದ ಪಿಕಪ್ ಹತ್ತಿಹೋದ ಏರನ್ನು ಅದೇ ಗಾಡಿ ಖಾಲಿ ಬಂದಾಗ ಹತ್ತಲಾರದು. ಹಿಂಚಕ್ರ ಗಿರಗಿರನೆ ತಿರುಗುತ್ತದೆ, ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಹೊರೆ ಇಳಿದ ಮೇಲೆ ಹಗುರಾಗಿ ಓಡಬೇಕಾದದ್ದು ಹೀಗೇಕೆ ಸೋಲುತ್ತದೆ?

ನಮ್ಮ ಕಡೆ ಓಡಾಡುವ ಸರಕು ಪಿಕಪ್‌ಗಳಲ್ಲಿ ಹೆಚ್ಚಿನವುಗಳ ಎಂಜಿನ್ ಮುಂದೆ, ಎಳೆಯುವ ಚಕ್ರಗಳು ಹಿಂದೆ. ಖಾಲಿ ಗಾಡಿಯ ಭಾರ ಬಹುಪಾಲು ಮುಂದಿನ ಚಕ್ರಗಳ ಮೇಲೆ ಕೂತಿರುತ್ತದೆ. ಚಕ್ರಕ್ಕೆ ಸಿಗುವ ಹಿಡಿತವೋ, ಅದರ ಮೇಲೆ ಬಿದ್ದ ಭಾರ ಮತ್ತು ನೆಲದ ಘರ್ಷಣೆ ಇವೆರಡರ ಗುಣಲಬ್ಧ. ಲೆಕ್ಕಕ್ಕೆಂದು 1,700 ಕಿಲೋ ತೂಕದ ಖಾಲಿ ಗಾಡಿಯ ಹಿಂದಿನ ಹೌಸಿಂಗ್, ಅಂದರೆ ಹಿಂಚಕ್ರಗಳ ಅಚ್ಚಿನ ಮೇಲೆ 680 ಕಿಲೋ ಭಾರವಿದೆ, ಒದ್ದೆ ಮಣ್ಣಿನ ಘರ್ಷಣಾಂಕ 0.25 ಎಂದುಕೊಳ್ಳೋಣ. ಎಳೆಯುವ ಬಲ 170 ಕಿಲೋ ಭಾರಕ್ಕೆ ಸಮ. ಏರು ಮತ್ತು ಕೆಸರು ಸೇರಿ ಗಾಡಿಯ ತೂಕದ ಶೇ 11ರಷ್ಟು ತಡೆ ಒಡ್ಡಿದರೆ ಬೇಕಾಗುವುದು 187. ಗಾಡಿ ಹತ್ತದು. ಹಿಂದಿನ ಹೌಸಿಂಗ್ ನೇರಕ್ಕೆ 200 ಕಿಲೋ ಮರಳಿನ ಚೀಲ ಹೇರಿದರೆ ತಡೆ 209ಕ್ಕೆ ಏರುತ್ತದೆ, ಆದರೆ ಹಿಡಿತ 220 ಆಗುತ್ತದೆ. ಗಾಡಿ ಹತ್ತುತ್ತದೆ.

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಬಂತೆಂದರೆ ಪಿಕಪ್ ಮಾಲೀಕರು ಮರಳಿನ ಚೀಲ ಹೇರಿಕೊಳ್ಳುವುದು ಇದೇ ಕಾರಣಕ್ಕೆ. ಚೀಲವನ್ನು ತೊಟ್ಟಿಯ ತುದಿಗೆ ತಳ್ಳಬಾರದು. ಹಾಗೆ ಮಾಡಿದರೆ ಮುಂಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಬಿಗಿಯಾಗಿ ಕಟ್ಟಿರಲೂ ಬೇಕು.

ಭಾರದ ಉಪಾಯ ನಡೆಯುವುದು ಅಡಿಯಲ್ಲಿ ಗಟ್ಟಿ ನೆಲವಿದ್ದು ಮೇಲೆ ತೆಳು ಕೆಸರಿದ್ದಾಗ ಮಾತ್ರ. ಕೆಂಪು ಮರಳು ಮಿಶ್ರಿತ ಹೊಲದಲ್ಲಿ ನೀರು ಬೇಗ ಇಂಗುತ್ತದೆ. ಕೆರೆಯಂಗಳದ ಗೋಡು ಹಾಗಲ್ಲ, ಅದು ಜೇಡಿಮಣ್ಣು. ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಚಿಕ್ಕವು, ಹಾಳೆಯಂತೆ ಚಪ್ಪಟೆಯಾದವು. ನಡುವೆ ನೀರು ಸೇರಿದರೆ ಒಂದರ ಮೇಲೊಂದು ಜಾರುತ್ತವೆ. ಗೋಡು ಆಳವಾಗಿ ನೆನೆದಿದ್ದರೆ ಹೆಚ್ಚು ಭಾರ ಹೇರಿದಷ್ಟೂ ಚಕ್ರ ಹೂತುಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಭಾರವನ್ನು ಹರಡುವ ಉಪಾಯ: ಚಕ್ರದ ಮುಂದೆ ತೆಂಗಿನ ಸೋಗೆ, ಎಡೆಮಟ್ಟೆ ಅಥವಾ ಜಲ್ಲಿ. ಖಾಲಿ ಗಾಡಿಯಾದರೆ ಟೈರಿನ ಗಾಳಿ ತುಸು ಇಳಿಸಿದಾಗಲೂ ಅದರ ಅಡಿ ಅಗಲವಾಗಿ ನೆಲದ ಮೇಲಿನ ಒತ್ತಡ ತಗ್ಗುತ್ತದೆ. ಆದರೆ 75ನೇ ಹೆದ್ದಾರಿಗೆ ಏರುವ ಮುನ್ನ ಗಾಳಿ ತುಂಬಿಸಲೇಬೇಕು. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಬಿಸಿಯಾಗಿ ಸಿಡಿಯಬಹುದು.

ಹಿಂದೆ ಎರಡು ಚಕ್ರಗಳಿದ್ದರೂ ಕೆಸರಿನಲ್ಲಿ ಒಂದೇ ತಿರುಗುವುದಕ್ಕೆ ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಓಡಬೇಕಾಗಿರುವುದರಿಂದ ಎರಡಕ್ಕೂ ಬೇರೆ ಬೇರೆ ವೇಗ ಕೊಡುವುದು ಅದರ ಕೆಲಸ. ಆದರೆ ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ತಿರುಚುಬಲವನ್ನು ಸಮನಾಗಿ ಹಂಚುತ್ತದೆ. ಕೆಸರಿನಲ್ಲಿರುವ ಚಕ್ರ ಎಷ್ಟು ಕಡಿಮೆ ತಾಳಿಕೊಳ್ಳುತ್ತದೋ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ. ಹ್ಯಾಂಡ್‌ಬ್ರೇಕನ್ನು ತುಸುವೇ ಎಳೆದರೆ ತಿರುಗುವ ಚಕ್ರಕ್ಕೆ ತಡೆ ಬಿದ್ದು ಇನ್ನೊಂದಕ್ಕೆ ಬಲ ಹೋಗುವುದುಂಟು.

ಆಕ್ಸಿಲರೇಟರ್ ಒತ್ತಿದಷ್ಟೂ ಕೆಡುಕೇ ಹೆಚ್ಚು. ಜಾರತೊಡಗಿದ ಚಕ್ರದ ಘರ್ಷಣೆ ಮೊದಲಿಗಿಂತ ಕುಗ್ಗುತ್ತದೆ, ಗುಂಡಿಯೂ ಆಳವಾಗುತ್ತದೆ. ಎರಡನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟು ಹೊರಡುವುದು ಮೇಲು. ಟೈರಿನ ತೋಡುಗಳಲ್ಲಿ ಕೆಸರು ಮೆತ್ತಿಕೊಂಡಿದ್ದರೆ ಕೆರೆದು ತೆಗೆಯಬೇಕು. ಆ ತೋಡುಗಳಿಗೆ ಕಾನೂನು ಕೇಳುವ ಕನಿಷ್ಠ ಆಳ 1.6 ಮಿಲಿಮೀಟರ್, ಕೆಸರಿಗೆ ಅಷ್ಟು ಏನೇನೂ ಸಾಲದು.

ಹೊರಡುವ ಹಿಡಿತಕ್ಕೂ ನಿಲ್ಲುವ ಹಿಡಿತಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಬ್ರೇಕ್ ಹಾಕಿದಾಗ ನಾಲ್ಕೂ ಚಕ್ರ ದುಡಿಯುತ್ತವೆ. ಹೇರಿದ ಮರಳು ಹಿಡಿತ ಹೆಚ್ಚಿಸಿದರೂ ನಿಲ್ಲಿಸಬೇಕಾದ ತೂಕವನ್ನೂ ಅಷ್ಟೇ ಹೆಚ್ಚಿಸುತ್ತದೆ. ಏರು ಹತ್ತಿಸಿದ ಮರಳು ಇಳಿಜಾರಿನಲ್ಲಿ ಬೇಗ ನಿಲ್ಲಿಸಿಕೊಡುವುದಿಲ್ಲ. ಅಲ್ಲಿ ಕೈಹಿಡಿಯುವುದು ಕಡಿಮೆ ವೇಗ ಮತ್ತು ಒಳ್ಳೆಯ ಟೈರು.