ಮೊದಲ ಕರಡಿ ಬೇಟೆಗೆ ತಯಾರಿ ಹೇಗೆ? ಅಜ್ಜೀಪುರದಿಂದ ಬಂದ ಪ್ರಶ್ನೆ

(ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ಪ್ರಶ್ನೆ ಹನೂರು ತಾಲೂಕಿನ ಅಜ್ಜೀಪುರದ ಕೇಳುಗರೊಬ್ಬರದು. ವಾಯ್ಸ್ ನೋಟ್ ಕಳಿಸಿದ್ದಾರೆ. ಅಮೆರಿಕದವರ 'ನನ್ನ ಮೊದಲ ಬ್ಲ್ಯಾಕ್ ಬೇರ್ ಬೇಟೆ' ಅನ್ನೋ ಥರದ ವಿಡಿಯೋಗಳು ಅವರ ಯೂಟ್ಯೂಬಲ್ಲಿ ಒಂದಾದ ಮೇಲೊಂದು ಬರ್ತಿವೆಯಂತೆ. "ಅವ್ರು ಲೈಸೆನ್ಸ್ ತಗೊಂಡು ಕರಡಿ ಹೊಡೀತಾರೆ. ನಮ್ಮ ಹೊಲದ ಪಕ್ಕದಲ್ಲೇ ಕರಡಿ ಓಡಾಡುತ್ತೆ, ನಮಗ್ಯಾಕೆ ಲೈಸೆನ್ಸ್ ಇಲ್ಲ?" ಅಂತ ಕೇಳಿದ್ದಾರೆ.

ಒಂದೇ ಮಾತಲ್ಲಿ ಹೇಳೋದಾದ್ರೆ, ಇಲ್ಲಿ ಅಂಥ ಲೈಸೆನ್ಸೇ ಇಲ್ಲ. ಹೊಡೆದ್ರೆ ಜೈಲು. ಆದ್ರೆ ಎಪಿಸೋಡ್ ಇಲ್ಲಿಗೇ ಮುಗಿಯಲ್ಲ. ಆ ವಿಡಿಯೋಗಳನ್ನ ಸ್ವಲ್ಪ ಗಮನವಿಟ್ಟು ನೋಡಿ. ಬೇಟೆಗಾರನ ತಯಾರಿಯಲ್ಲಿ ಬಂದೂಕಿನ ಪಾಲು ಕಡಿಮೆ. ಗಾಳಿ ಯಾವ ಕಡೆ ಬೀಸ್ತಿದೆ, ಕರಡಿ ಏನು ತಿನ್ನುತ್ತೆ, ಎಷ್ಟು ಹೊತ್ತಿಗೆ ಬರುತ್ತೆ, ಹೆಜ್ಜೆ ಹಳೇದಾ ಹೊಸದಾ, ಹೆಚ್ಚಿನದು ಇದೇ. ಅವರು ಇದನ್ನೆಲ್ಲ ಕಲಿಯೋದು ಕರಡಿ ಎದುರಿಗೆ ಸಿಗಲಿ ಅಂತ. ಅಜ್ಜೀಪುರದಲ್ಲಿ ಬೆಳಗಿನ ಜಾವ ಹೊಲಕ್ಕೆ ಹೋಗೋರಿಗೆ ಅದೇ ತಿಳಿವಳಿಕೆ ಬೇಕು, ಕರಡಿ ಎದುರಿಗೆ ಸಿಗದೇ ಇರಲಿ ಅಂತ.

ಮೊದಲು ಅಮೆರಿಕದ ಕಥೆ ನೋಡೋಣ. ಮೇನ್ ರಾಜ್ಯವನ್ನ ತಗೊಳ್ಳಿ. ಮೊದಲ ಸಲ ಲೈಸೆನ್ಸ್ ಮಾಡಿಸೋರು ಸುರಕ್ಷತೆಯ ಕೋರ್ಸ್ ಮುಗಿಸಬೇಕು. ಕರಡಿಗೆ ಬೇರೆ ಪರ್ಮಿಟ್. ಸೀಸನ್ ಶುರುವಾಗೋದು ಆಗಸ್ಟ್ ಕೊನೆಗೆ. ಕಾಡಲ್ಲಿ ಒಂದು ಡ್ರಮ್ ಇಟ್ಟು, ಹಳಸಿದ ಡೋನಟ್ ತುಂಬಿ, ಮರದ ಮೇಲೆ ಅಟ್ಟಣೆ ಹಾಕ್ಕೊಂಡು ಕಾಯ್ತಾರೆ. ಹೌದು, ಡೋನಟ್ಟೇ! ಹೊಡೆದ ಮೇಲೆ ಬೇಗ ಚರ್ಮ ಸುಲಿದು ಮಾಂಸ ತಣ್ಣಗೆ ಮಾಡಬೇಕು. ಅದರಲ್ಲಿ ಟ್ರೈಕಿನೆಲ್ಲ ಅನ್ನೋ ಹುಳು ಇರಬಹುದು, ಹಾಗಾಗಿ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟೋವರೆಗೂ ಬೇಯಿಸಬೇಕು. ಡೋನಟ್ ಇಟ್ಟು ಹೊಡೆಯೋದು ಸರೀನಾ ಅಂತ ಅಲ್ಲೂ ಜಗಳ ಇದೆ. 2014ರಲ್ಲಿ ಅದನ್ನ ನಿಲ್ಲಿಸೋ ಪ್ರಸ್ತಾಪ ಜನರ ಮತಕ್ಕೇ ಹೋಗಿ ಬಿದ್ದುಹೋಯಿತು. ಇಷ್ಟೆಲ್ಲ ನಡೆಯೋದಕ್ಕೆ ಕಾರಣ ಆ ಕರಡಿಯ ಸಂಖ್ಯೆ. ಉತ್ತರ ಅಮೆರಿಕದಲ್ಲಿ ಅಂದಾಜು 8-9 ಲಕ್ಷ ಇವೆ. ನಮ್ಮ ಕರಡಿ ಇಡೀ ಜಗತ್ತಲ್ಲಿ 20 ಸಾವಿರ ಇದ್ರೆ ಹೆಚ್ಚು ಅನ್ನೋದು ತಜ್ಞರ ಲೆಕ್ಕ.

ಹೆಸರಿನ ಗೊಂದಲವೂ ಒಂದಿದೆ. ಹಳೇ ಶಿಕಾರಿ ಪುಸ್ತಕಗಳಲ್ಲಿ ನಮ್ಮ ಕರಡಿಯನ್ನೂ 'ಬ್ಲ್ಯಾಕ್ ಬೇರ್' ಅಂತಲೇ ಬರೆದಿದ್ದಾರೆ. ಕೆನೆತ್ ಆಂಡರ್ಸನ್ ಗೊತ್ತಲ್ಲ, ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕಥೆಗಳ ಆಂಡರ್ಸನ್, ಅರಸೀಕೆರೆ ಹತ್ತಿರದ ಬೆಟ್ಟಗಳಲ್ಲಿ ಜನರ ಮೇಲೆ ಬೀಳ್ತಿದ್ದ ಕರಡಿ ಬಗ್ಗೆ ಬರೆದಾಗಲೂ ಅದೇ ಪದ ಬಳಸಿದ್ದು. ಆದ್ರೆ ಎರಡೂ ಬೇರೆ ಬೇರೆ ಪ್ರಾಣಿ. ನಮ್ಮದು ಸ್ಲಾತ್ ಬೇರ್. ಉದ್ದ ಕೂದಲು, ಎದೆ ಮೇಲೆ ಬಿಳಿ ಗುರುತು, ಬೆರಳುದ್ದದ ಉಗುರು. ಮೇಲಿನ ಸಾಲಲ್ಲಿ ಮುಂದಿನ ಎರಡು ಹಲ್ಲು ಇರಲ್ಲ. ಆ ಸಂದಿಯಿಂದಲೇ ಹುತ್ತದೊಳಗಿನ ಗೆದ್ದಲನ್ನ ಪಂಪಿನ ಹಾಗೆ ಎಳೆದುಕೊಳ್ಳುತ್ತೆ. ಮಣ್ಣು ನುಗ್ಗದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳೋಕೂ ಬರುತ್ತೆ. ಗೆದ್ದಲು ತಿನ್ನುವಾಗ ಆಗೋ ಸದ್ದು ತುಂಬಾ ದೂರಕ್ಕೆ ಕೇಳುತ್ತೆ. ಈ ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹಾಗಂತ ನಮ್ಮ ಕಡೆ ಬೇಟೆ ಇರಲೇ ಇಲ್ಲ ಅಂತಲ್ಲ. ಜಿ.ಪಿ. ಸ್ಯಾಂಡರ್ಸನ್ ಅಂತ ಒಬ್ಬರಿದ್ದರು. ಮೈಸೂರು ಸರ್ಕಾರಕ್ಕೆ ಆನೆ ಹಿಡಿಯುವ ಖೆಡ್ಡಾ ನಡೆಸಿದವರು. ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟದ ಸುತ್ತ ವರ್ಷಗಟ್ಟಲೆ ಇದ್ದು, 1878ರಲ್ಲಿ ತಮ್ಮ ಪುಸ್ತಕ ತಂದರು. ಆಗಿನ ಕೊಳ್ಳೇಗಾಲ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ರಾಜ್ಯಕ್ಕೆ ಬಂದಿದ್ದು 1956ರಲ್ಲಿ. ಆ ಕಾಲದ ಶಿಕಾರಿಗಳು ಕರಡಿಗೆ ಮಾಡ್ತಿದ್ದ ತಯಾರಿ ಸರಳ. ರಾತ್ರಿಯೆಲ್ಲ ಮೇಯ್ದ ಕರಡಿ ಬೆಳಕು ಹರಿಯೋ ಹೊತ್ತಿಗೆ ಬಂಡೆ ಗುಹೆಗೆ ವಾಪಸ್ ಬರುತ್ತೆ. ಅದಕ್ಕೂ ಮುಂಚೆ ಗುಹೆಯ ಮೇಲ್ಭಾಗದಲ್ಲಿ, ಗಾಳಿಗೆ ಎದುರಾಗಿ ಕೂತು ಕಾಯೋದು. ಆದ್ರೆ ಯಾವ ಗುಹೆ, ಯಾವ ದಾರಿ, ನಿನ್ನೆಯ ಹೆಜ್ಜೆಯಾ ಇವತ್ತಿನದಾ ಅಂತ ಹೇಳ್ತಿದ್ದವರು ಸೋಲಿಗರು. ದೊರೆಗಳ ಹೆಸರಲ್ಲಿ ಪುಸ್ತಕ ಬಂತು, ವಿದ್ಯೆ ಸೋಲಿಗರದು. ನನ್ನ ಪ್ರಕಾರ ಈ ಪ್ರಶ್ನೆಗೆ ನಿಜವಾದ ಎಕ್ಸ್‌ಪರ್ಟ್‌ಗಳು ಇವತ್ತಿಗೂ ಅವರ ಪೋಡುಗಳಲ್ಲೇ ಇದ್ದಾರೆ.

ಈಗ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಕರಡಿ ಒಂದನೇ ಅನುಸೂಚಿಯಲ್ಲಿದೆ, ಹುಲಿ ಆನೆಗಳ ಸಾಲಲ್ಲಿ. ಬೇಟೆಯಾಡಿದ್ರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕಡಿಮೆ ಅಂದ್ರೂ 25 ಸಾವಿರ ದಂಡ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ, ಕಾಯ್ದೆ ಪ್ರಕಾರ 'ಬೇಟೆ' ಅಂದ್ರೆ ಗುಂಡು ಹೊಡೆಯೋದಷ್ಟೇ ಅಲ್ಲ. ಉರುಳು ಹಾಕೋದು, ವಿಷ ಇಡೋದು, ಆಸೆಗೆ ತಿಂಡಿ ಇಟ್ಟು ಕಾಯೋದು, ಅಟ್ಟಿಸಿಕೊಂಡು ಹೋಗೋದು, ಇದೆಲ್ಲಾ ಬೇಟೆಯೇ. ಪ್ರಯತ್ನ ಪಟ್ಟರೂ ಅಷ್ಟೇ. ಅಂದ್ರೆ ಮೇನ್‌ನ ಆ ಡೋನಟ್ ಡ್ರಮ್ ನಮ್ಮಲ್ಲಿ ಇಟ್ಟ ಕ್ಷಣವೇ ಕೇಸು. ಕಾಡುಹಂದಿಗೆ ಅಂತ ಬೇಲಿಯಲ್ಲಿ ಉರುಳು ಕಟ್ಟಿ, ಅದಕ್ಕೆ ಕರಡಿ ಬಿದ್ರೆ 'ನಾನು ಹಂದಿಗೆ ಹಾಕಿದ್ದು' ಅಂದ್ರೆ ತಪ್ಪಿಸ್ಕೊಳ್ಳೋಕಾಗಲ್ಲ. ಹನೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಹಸುವಿನ ಕಳೇಬರಕ್ಕೆ ವಿಷ ಹಾಕಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತಿದ್ದು, ಆಮೇಲೆ ಆದ ಬಂಧನ ಎಲ್ಲರಿಗೂ ನೆನಪಿದೆ.

ಹಾಗಾದ್ರೆ ಕರಡಿ ಮೈಮೇಲೆ ಬಂದ್ರೂ ಸುಮ್ಮನಿರಬೇಕಾ? ಇಲ್ಲ. ಜೀವ ಉಳಿಸಿಕೊಳ್ಳೋಕೆ ಪ್ರಾಮಾಣಿಕವಾಗಿ ಹೊಡೆದು ಅದು ಸತ್ರೆ ಅಪರಾಧ ಅಲ್ಲ ಅಂತ 11ನೇ ಸೆಕ್ಷನ್ ಹೇಳುತ್ತೆ. ಆದ್ರೆ ಆ ಹೊತ್ತಿಗೆ ನೀವು ಕಾಯ್ದೆ ಮೀರಿ ಬೇರೇನೋ ಮಾಡ್ತಾ ಇರಬಾರದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಉಗುರು ಕೂದಲು ಮನೆಗೆ ತರೋ ಹಾಗಿಲ್ಲ. ಜನರ ಪ್ರಾಣಕ್ಕೆ ಅಪಾಯ ಆಗಿರೋ ಕರಡಿಯನ್ನ ಕೊಲ್ಲೋಕೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತವಾಗಿ ಅನುಮತಿ ಕೊಡಬಹುದು. ಅದೂ ಹಿಡಿಯೋದು, ಅರಿವಳಿಕೆ ಕೊಡೋದು, ಸ್ಥಳಾಂತರಿಸೋದು ಯಾವುದೂ ಆಗಲ್ಲ ಅಂತಾದ ಮೇಲೆ.

ಇನ್ನು ಅಸಲಿ ತಯಾರಿ. ಕರಡಿಗೆ ಮೂಗು ಭಾರಿ ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ಹುತ್ತ ಅಗೆಯೋವಾಗ ತಲೆ ಒಳಗಿರುತ್ತೆ, ತನ್ನದೇ ಸದ್ದು ಜೋರಾಗಿರುತ್ತೆ, ನೀವು ಹತ್ತು ಹೆಜ್ಜೆ ಹತ್ತಿರ ಬಂದ್ರೂ ಅದಕ್ಕೆ ಗೊತ್ತಾಗದೇ ಇರಬಹುದು. ಗೊತ್ತಾದ ಕೂಡಲೇ ಗಾಬರಿಯಲ್ಲಿ ಮೇಲೆ ಬೀಳುತ್ತೆ. ಹೆಚ್ಚಿನ ದಾಳಿಗಳು ನಡೆಯೋದೇ ಹೀಗೆ. ಅದಕ್ಕೇ ಬೇಟೆಗಾರ ಸದ್ದಿಲ್ಲದೆ, ಗಾಳಿಗೆ ಎದುರಾಗಿ ನಡೆದ್ರೆ ನೀವು ಉಲ್ಟಾ ಮಾಡಬೇಕು. ಮಾತಾಡ್ತಾ, ಕೋಲು ಬಡೀತಾ ಹೋಗಿ. ಫೋನಲ್ಲಿ ಹಾಡು ಹಾಕಿ ಪರವಾಗಿಲ್ಲ, ಆದ್ರೆ ಕಿವಿಗೆ ಇಯರ್‌ಫೋನ್ ಬೇಡ. ಪಾಡ್‌ಕಾಸ್ಟ್ ಮಾಡೋನಾಗಿ ಇದನ್ನ ಹೇಳೋದು ಕಷ್ಟ, ಆದ್ರೂ ಕೇಳಿ: ಕಾಡಂಚಲ್ಲಿ ನಮ್ಮನ್ನ ಕೇಳ್ಬೇಡಿ. ಹುತ್ತ ಊದೋ ಸದ್ದು ನಿಮ್ಮ ಕಿವಿಗೆ ಬೀಳಬೇಕು.

ಹೊತ್ತು ಕೂಡ ಮುಖ್ಯ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅದರ ಓಡಾಟ. ನಮ್ಮವರು ಮೋಟರ್ ಹಾಕೋಕೆ, ಬಯಲಿಗೆ, ಕಾವಲಿಗೆ ಅಂತ ಹೊರಡೋದೂ ಅದೇ ಹೊತ್ತಲ್ಲಿ. ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ರೆ ರೈತ ಏನು ಮಾಡಬೇಕು ಹೇಳಿ? ಹಗಲು ಕರೆಂಟ್ ಕೇಳೋದು ಪ್ರಾಣದ ಪ್ರಶ್ನೆಯೂ ಹೌದು. ಹೋಗಲೇಬೇಕು ಅಂದ್ರೆ ಒಬ್ಬರೇ ಹೋಗಬೇಡಿ, ಫೋನ್ ಟಾರ್ಚ್ ಸಾಲದು, ದೊಡ್ಡ ಟಾರ್ಚ್ ಇರಲಿ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗೋರು ಗುಂಪು ಬಿಟ್ಟು ಕಾಲುದಾರಿ ಹಿಡೀಬೇಡಿ.

ಹಣ್ಣಿನ ಕಾಲ ಗೊತ್ತಿರಲಿ. ನೇರಳೆ, ಅತ್ತಿ, ಎಲಚಿ, ಕಕ್ಕೆ ಹಣ್ಣಾದಾಗ ಆ ಮರಗಳ ಬುಡ ಕರಡಿಯ ಜಾಗ. ಹೊಸದಾಗಿ ಒಡೆದ ಹುತ್ತ, ಹಣ್ಣಿನ ಬೀಜ ತುಂಬಿದ ಸಗಣಿ ಕಂಡ್ರೆ ದಾರಿ ಬದಲಿಸಿ. ಲಂಟಾನ ಪೊದೆಯೊಳಗೆ ನುಗ್ಗಬೇಡಿ. ಚಳಿಗಾಲದಲ್ಲಿ ಮರಿ ಹಾಕುತ್ತೆ, ಆಮೇಲೆ ತಿಂಗಳುಗಟ್ಟಲೆ ತಾಯಿ ಮರಿಗಳನ್ನ ಬೆನ್ನ ಮೇಲೆ ಹೊತ್ತು ತಿರುಗುತ್ತೆ. ಆ ದೃಶ್ಯ ಕಂಡ್ರೆ ರೀಲ್ಸ್ ಮಾಡೋಕೆ ನಿಲ್ಲಬೇಡಿ. ನಾಯಿ ಕರ್ಕೊಂಡು ಹೋಗ್ತೀರಾ? ಅದು ಕರಡಿಯನ್ನ ಕೆಣಕಿ, ಹೆದರಿ, ಓಡಿ ಬರೋದು ನಿಮ್ಮ ಹತ್ತಿರಕ್ಕೇ.

ಎದುರಾದ್ರೆ ಓಡಬೇಡಿ, ಓಟದಲ್ಲಿ ಅದೇ ಗೆಲ್ಲುತ್ತೆ. ಮರ ಹತ್ತೋದೂ ಅದಕ್ಕೆ ಬರುತ್ತೆ. ದೂರ ಇದ್ರೆ ನಿಧಾನವಾಗಿ ಹಿಂದೆ ಸರೀರಿ. ಮೇಲೆ ಬಿದ್ದೇ ಬಿಡ್ತು ಅಂದ್ರೆ ಬೋರಲಾಗಿ ಮಲಗಿ, ಮುಖ ನೆಲಕ್ಕೆ, ಎರಡೂ ಕೈ ಬೆರಳು ಹೆಣೆದು ಕತ್ತಿನ ಹಿಂದೆ. ಕರಡಿ ಹೆಚ್ಚಾಗಿ ಕೈ ಹಾಕೋದು ಮುಖಕ್ಕೆ, ತಲೆಗೆ. ಅಮೆರಿಕದ ವಿಡಿಯೋಗಳಲ್ಲಿ ಬ್ಲ್ಯಾಕ್ ಬೇರ್ ಬಂದ್ರೆ ತಿರುಗಿ ಹೊಡೀರಿ ಅಂತಾರೆ. ಅದು ಆ ಕರಡಿಗೆ ಹೇಳಿದ ಮಾತು, ನಮ್ಮ ಕರಡಿಗೆ ಹೊಂದಲ್ಲ. ಗಾಯ ಸಣ್ಣದು ಅನಿಸಿದ್ರೂ ತೊಳೆದು ನೇರ ಆಸ್ಪತ್ರೆಗೆ ಹೋಗಿ, ರೇಬಿಸ್ ಚುಚ್ಚುಮದ್ದು ಬೇಕಾಗುತ್ತೆ.

ಊರೊಳಗೆ ಕರಡಿ ಬಂದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926. ಇಲಾಖೆಯವರು ಬರೋವರೆಗೆ ಅದಕ್ಕೆ ಹೊರಗೆ ಹೋಗೋ ದಾರಿ ಬಿಡಿ. ನೂರು ಜನ ಸುತ್ತುವರಿದು ಮೊಬೈಲ್ ಹಿಡಿದ್ರೆ ಅದು ಯಾರ ಮೇಲಾದ್ರೂ ಬೀಳಲೇಬೇಕು. ಬೆಳೆ ಹೋಗಿದ್ರೆ ಫೋಟೋ ತೆಗೆದು ವಲಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿ, ಇ-ಪರಿಹಾರ ವ್ಯವಸ್ಥೆಯಲ್ಲಿ ಅದು ದಾಖಲಾಗಬೇಕು.

ಇಷ್ಟೆಲ್ಲಾ ಆದ ಮೇಲೂ ಕರಡಿಯನ್ನ ಕಣ್ತುಂಬಾ ನೋಡೋ ಆಸೆ ಇದ್ರೆ ಹಂಪಿ ಪಕ್ಕದ ದರೋಜಿಗೆ ಹೋಗಿ. 1994ರಲ್ಲಿ ಕರಡಿಗಾಗಿಯೇ ಮಾಡಿದ ಧಾಮ ಅದು. ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿಟ್ಟಿರ್ತಾರೆ, ಸಂಜೆ ಹೊತ್ತಿಗೆ ಕರಡಿಗಳು ಇಳಿದು ಬರ್ತವೆ. ವೀಕ್ಷಣಾ ಗೋಪುರದಿಂದ ಬಂಡೆ ಸ್ವಲ್ಪ ದೂರವೇ ಇದೆ, ಫೋನ್ ಝೂಮ್ ಸಾಲಲ್ಲ. ಬೈನಾಕ್ಯುಲರ್ ಯಾರದಾದ್ರೂ ಇದ್ರೆ ಇಸ್ಕೊಂಡು ಹೋಗಿ.