ಪರದೇಶದ ಆರು ತಿಂಗಳು: ನಂಬಿಕೆ ಮತ್ತು ನಿಜ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಹುಟ್ಟಿ ಬೆಳೆದವರಿಗೆ ವಿದ್ಯುತ್ ಮಗ್ಗದ ಸದ್ದು ಸದ್ದೆಂದೇ ತೋರುವುದಿಲ್ಲ. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಗೇ ನಿಂತಾಗ, ತೊಟ್ಟಿಲಲ್ಲಿ ಮಲಗಿದ್ದ ಕೂಸು ಆ ಮೌನಕ್ಕೆ ಬೆಚ್ಚಿ ಏಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಂಥದೊಂದು ಮನೆಯಲ್ಲಿ, ತಾಯಿಯ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಲೇ ಪಾಠ ಒಪ್ಪಿಸಿ ಬೆಳೆದ ನನ್ನ ತಂಗಿಯ ಮಗಳು, ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಆಯ್ಕೆಯಾಗಿ ಒಂದು ಸೆಮಿಸ್ಟರಿನ ಮಟ್ಟಿಗೆ ಜರ್ಮನಿಯ ಲೈಪ್‌ಜಿಗ್ ನಗರಕ್ಕೆ ಹೊರಟು ನಿಂತಾಗ ಬಂಧುಬಳಗದವರು ಆಡಿದ ಮಾತುಗಳನ್ನೂ, ಆಕೆ ಅಲ್ಲಿ ಕಂಡುಂಡ ನಿಜವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಇವೆರಡರ ನಡುವಣ ಅಂತರವನ್ನು ನಾಲ್ಕು ಜನಕ್ಕೆ ತಿಳಿಸಬೇಕೆಂದು ನನಗೆ ಬಲವಾಗಿ ಅನ್ನಿಸಿತು.

ಎಲ್ಲರೂ ಆಡಿದ ಮೊದಲ ಮಾತು, ‘ಫಾರಿನ್‌ಗೆ ಹೋದ ಮಗು ಇನ್ನು ಅಲ್ಲಿಯದೇ’ ಎಂಬುದು. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣವಾದಂದಿನಿಂದ ನಮ್ಮ ಹೊಲಗಳ ಮೇಲೆಯೇ ಹಾರಿಹೋಗುವ ವಿಮಾನಗಳನ್ನು ನೋಡುತ್ತ, ಅದರಲ್ಲಿ ಕುಳಿತವರೆಲ್ಲರೂ ನೆಲೆಯೂರಲಿಕ್ಕೇ ಹೊರಟವರೆಂದು ನಾವು ಭಾವಿಸಿಬಿಟ್ಟಿದ್ದೇವೆ. ವಿನಿಮಯದ ವಿದ್ಯಾರ್ಥಿಯ ಸ್ಥಿತಿ ಅದಲ್ಲ. ಸಾಮಾನ್ಯವಾಗಿ ಎರಡು ವಿದ್ಯಾಸಂಸ್ಥೆಗಳ ಒಡಂಬಡಿಕೆಯ ಮೇರೆಗೆ, ತನ್ನೂರಿನ ಕಾಲೇಜಿಗೇ ಶುಲ್ಕ ತೆತ್ತು, ಹೊರದೇಶದಲ್ಲಿ ಪಾಠ ಕೇಳಿ, ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಇಲ್ಲಿಯ ಅಂಕಪಟ್ಟಿಗೆ ಸೇರಿಸಿಕೊಳ್ಳಲು ಮರಳಿ ಬರಬೇಕಾದವನು ಅವನು. ಊಟ, ವಸತಿಯ ಖರ್ಚನ್ನು ಆ ದೇಶವೇ ಹೊರುತ್ತದೆಂಬುದೂ ಭ್ರಮೆ. ವಿದ್ಯಾರ್ಥಿವೇತನವಿಲ್ಲದವರು ತಿಂಗಳಿಗೆ 992 ಯೂರೋದಂತೆ ಹಣವನ್ನು ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕೆಂದು 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ಗೊತ್ತುಮಾಡಿತ್ತು. ಹೋದವರು ಬಾರರು, ಬಂದರೂ ನಮ್ಮವರಾಗಿ ಉಳಿಯರು ಎನ್ನುವವರು, ನಮ್ಮ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡತನದಲ್ಲಿ ಹುಟ್ಟಿ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ಬಸವನಗುಡಿಯ ನ್ಯಾಷನಲ್ ಕಾಲೇಜಿಗೂ ಅದರ ಹಾಸ್ಟೆಲಿನ ಕೋಣೆಗೂ ಹಿಂದಿರುಗಿದ ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. ಹೋದವರು ಭಾಷೆಯನ್ನು ಮರೆಯುತ್ತಾರೆನ್ನುವವರಿಗೆ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ತೋರಿಸಬಹುದು, 1965ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ಅವರು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ.

ಎರಡನೆಯ ನಂಬಿಕೆ ಊಟಕ್ಕೆ ಸಂಬಂಧಿಸಿದ್ದು. ಪರದೇಶದಲ್ಲಿ ಹೊಟ್ಟೆಯೇ ದೊಡ್ಡ ಚಿಂತೆಯೆಂದು ಬಗೆದು ನನ್ನ ತಂಗಿ ತುಪ್ಪದ ಡಬ್ಬಿಯನ್ನೂ, ಹಾಲಿನ ಪೇಡವನ್ನೂ, ದೇವನಹಳ್ಳಿಯ ಎರಡು ಚಕ್ಕೋತ ಹಣ್ಣುಗಳನ್ನೂ ಪೆಟ್ಟಿಗೆಗೆ ತುಂಬಿದ್ದಳು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನಾಗಲಿ ಮಾಂಸವನ್ನಾಗಲಿ ಒಳಗೆ ತರಕೂಡದು. ಸಸ್ಯರೋಗ ತಪಾಸಣೆಯ ಪ್ರಮಾಣಪತ್ರವಿಲ್ಲದ ಚಕ್ಕೋತಕ್ಕೂ ಪ್ರವೇಶವಿಲ್ಲ, ಆದರೆ ತೆಂಗಿನಕಾಯಿ ಮತ್ತು ಬಾಳೆಹಣ್ಣಿಗೆ ಆ ಪ್ರಮಾಣಪತ್ರ ಬೇಕಿಲ್ಲ. ತಿಳಿದವರೊಬ್ಬರು ಹೇಳಿದ ಮೇಲೆ ಅವನ್ನೆಲ್ಲ ತೆಗೆದಿಟ್ಟು, ರಾಗಿಹಿಟ್ಟು ಸಾರಿನಪುಡಿಗಳಿಗೆ ಜಾಗ ಮಾಡಿಕೊಟ್ಟೆವು. ಅಕ್ಕಿ, ಬೇಳೆ, ಸೊಪ್ಪು ಅಲ್ಲಿಯ ಅಂಗಡಿಗಳಲ್ಲೇ ದೊರೆತವು. ಕಾನೂನಿನ ಪ್ರಕಾರ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆಂಬುದನ್ನು ಮೊದಲ ವಾರ ಉಪವಾಸವಿದ್ದು ಕಲಿತದ್ದನ್ನು ಬಿಟ್ಟರೆ ಊಟದಿಂದ ಆಕೆಗೆ ಕಷ್ಟವೇನೂ ಆಗಲಿಲ್ಲ.

ಕಷ್ಟವಾದದ್ದು ಮೌನ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡಬಾರದೆಂಬ ಕಟ್ಟುಪಾಡನ್ನು ವ್ರತದಂತೆ ಪಾಲಿಸುವ ಆ ವಿದ್ಯಾರ್ಥಿನಿಲಯದಲ್ಲಿ, ಡಿಸೆಂಬರು ಬಂದರೆ ಸಾಯಂಕಾಲ ನಾಲ್ಕಕ್ಕೆಲ್ಲ ಕತ್ತಲು ಕವಿಯುವ ಆ ಊರಿನಲ್ಲಿ, ಮಗ್ಗದ ಲಯಕ್ಕೆ ನಿದ್ರಿಸಿ ರೂಢಿಯಾದ ಹುಡುಗಿ ಕಿವಿ ನಿಗುರಿಸಿಕೊಂಡು ಎಚ್ಚರವಾಗಿಯೇ ಇರುತ್ತಿದ್ದಳಂತೆ. ಕಡೆಗೆ ಅವಳ ತಂದೆ ಮಗ್ಗದ ಸದ್ದನ್ನು ಫೋನಿನಲ್ಲಿ ಮುದ್ರಿಸಿ ಕಳುಹಿಸಿದರು. ಅದನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದಳು.

ಆ ಮೌನದಿಂದಲೇ ಹುಟ್ಟಿದ್ದು ಮೂರನೆಯ ತಪ್ಪು ಕಲ್ಪನೆ, ಇದು ಅವಳದೇ. ನವೆಂಬರಿನಲ್ಲಿ ಜ್ವರ ಬಂದು ಎರಡು ದಿನ ಕೋಣೆಯಲ್ಲಿ ಮಲಗಿದ್ದರೂ ಒಬ್ಬರೂ ಬಾಗಿಲು ತಟ್ಟಲಿಲ್ಲ. ‘ದೊಡ್ಡಮ್ಮ, ಇಲ್ಲಿಯವರಿಗೆ ಮನುಷ್ಯತ್ವವೇ ಇಲ್ಲ’ ಎಂದು ನನಗೆ ಸಂದೇಶ ಬಂತು. ನಮ್ಮ ಬೀದಿಯಲ್ಲಾದರೆ ಬೆಳಿಗ್ಗೆ ಬಾಗಿಲಿಗೆ ನೀರು ಬೀಳದಿದ್ದರೆ ಸಾಕು, ಎದುರುಮನೆಯಾಕೆ ‘ಯಾಕವ್ವ, ಮೈಗೆ ಹುಷಾರಿಲ್ವಾ?’ ಎಂದು ಒಳಗೇ ಬಂದುಬಿಡುತ್ತಾಳೆ. ಮೂರನೆಯ ದಿನ ಇವಳೇ ಧೈರ್ಯಮಾಡಿ ಪಕ್ಕದ ಕೋಣೆಯ ಹುಡುಗಿಗೆ ತನ್ನ ಸ್ಥಿತಿಯನ್ನು ತಿಳಿಸಿದಾಗ, ಅವಳು ‘ಮೊದಲೇ ಏಕೆ ಹೇಳಲಿಲ್ಲ?’ ಎಂದು ಗದರಿ, ಟ್ರಾಮಿನಲ್ಲಿ ವೈದ್ಯರ ಬಳಿಗೆ ಕರೆದೊಯ್ದು, ಅರ್ಧ ದಿನ ಜೊತೆಗೆ ಕುಳಿತಿದ್ದಳು. ಮುಚ್ಚಿದ ಬಾಗಿಲನ್ನು ಗೌರವಿಸುವುದೇ ಆ ಹುಡುಗಿಗೆ ಕಲಿಸಿಕೊಟ್ಟ ಸಭ್ಯತೆ. ನೆರವು ಅಲ್ಲಿಯೂ ಧಾರಾಳವಾಗಿಯೇ ಉಂಟು, ಆದರೆ ಅದನ್ನು ಬಾಯಿಬಿಟ್ಟು ಕೇಳಬೇಕು. ಕೇಳುವುದೆಂದರೆ ಕೈಚಾಚಿದಂತೆ ಎಂದು ನಂಬಿ ಬೆಳೆದ ನಮ್ಮ ಮಕ್ಕಳಿಗೆ, ಚಳಿಗಿಂತಲೂ ವ್ಯಾಕರಣಕ್ಕಿಂತಲೂ ದುಸ್ಸಾಧ್ಯವಾದ ಪಾಠವೆಂದರೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಡಿಗೆಮನೆಯಲ್ಲಿ ಇವಳು ಸೌಟಿನ ಹಿಡಿಯಿಂದ ಹಿಟ್ಟು ತೊಳಸಿ ಮುದ್ದೆ ಕಟ್ಟುವುದನ್ನು ಸ್ಪೇನ್ ದೇಶದ ಹುಡುಗನೊಬ್ಬ ಮೂರು ದಿನ ನೋಡಿಯೂ ಮಾತನಾಡಿರಲಿಲ್ಲ; ಇವಳೇ ಕರೆದು ಬಡಿಸಿದಾಗ, ಕೇಳಿದರೆ ತಪ್ಪಾದೀತೆಂದು ಸುಮ್ಮನಿದ್ದೆನೆಂದನಂತೆ.

ಇಂಗ್ಲಿಷು ಬಂದರೆ ಸಾಕೆಂಬುದು ಇನ್ನೊಂದು ನಂಬಿಕೆ. ಪಾಠ ಇಂಗ್ಲಿಷಿನಲ್ಲಿದ್ದರೂ, ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಲು ತುಂಬಬೇಕಾದ ಅರ್ಜಿಯೂ, ಕಾಗದಕ್ಕೆ ಬೇರೆ, ತರಕಾರಿ ಸಿಪ್ಪೆಗೆ ಬೇರೆ ಎಂದಿರುವ ಕಸದ ಡಬ್ಬಿಗಳ ಮೇಲಿನ ಬರಹವೂ ಜರ್ಮನ್ ಭಾಷೆಯವೇ.

‘ಮೊದಲು ನಾಲ್ಕು ದಿನ ಸಂಭ್ರಮ, ಆಮೇಲೆ ಅಳು, ಕಡೆಗೆ ಎಲ್ಲ ಸರಿ’ ಎಂದು ಹೊರಡುವವರಿಗೆ ಉಪದೇಶಿಸುವುದುಂಟು. ಇದರ ಮೂಲ, ಅಮೆರಿಕಕ್ಕೆ ಹೋಗಿಬಂದ ಫುಲ್‌ಬ್ರೈಟ್ ವಿದ್ವಾಂಸರನ್ನು ಕುರಿತು ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲೈಸ್‌ಗಾರ್ಡ್ 1955ರಲ್ಲಿ ಪ್ರಕಟಿಸಿದ ಅಧ್ಯಯನ. ಆರರಿಂದ ಹದಿನೆಂಟು ತಿಂಗಳು ಇದ್ದವರೇ ಹೊಂದಿಕೆಯಲ್ಲಿ ಹಿಂದುಳಿದವರೆಂದು ಆತ ಕಂಡಿದ್ದ. ಆದರೆ ನ್ಯೂಜಿಲೆಂಡಿಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಕೊಲೀನ್ ವಾರ್ಡ್ ಮತ್ತು ಸಂಗಡಿಗರು ಬಂದಿಳಿದ ಕ್ಷಣದಿಂದಲೇ ಅನುಸರಿಸಿ 1998ರಲ್ಲಿ ವರದಿ ಮಾಡಿದಾಗ, ಕ್ಲೇಶ ಅತ್ಯಧಿಕವಾಗಿದ್ದುದು ಆರಂಭದಲ್ಲೇ ಎಂದು ಕಂಡುಬಂತು. ಆರೇ ತಿಂಗಳಿಗೆ ಹೋಗುವವರು ಮೊದಲ ವಾರದಲ್ಲೇ ಅತ್ತರೆ ಅದು ದೌರ್ಬಲ್ಯವೆಂದು ಯಾರೂ ಭಾವಿಸಬೇಕಾಗಿಲ್ಲ.

ಹಿಂದಿರುಗಿ ಬಂದರೆ ಎಲ್ಲ ಮೊದಲಿನಂತೆಯೇ ಎಂಬ ಮಾತೂ ಪೂರ್ತಿ ನಿಜವಲ್ಲ. ಹೊರದೇಶದಿಂದ ಮರಳಿದ ಅಮೆರಿಕನ್ ವಿದ್ವಾಂಸರನ್ನು ವಿಚಾರಿಸಿ ಗಲ್ಲಾಹಾರ್ನ್ ದಂಪತಿಗಳು 1963ರಲ್ಲಿ ಬರೆದಂತೆ, ತನ್ನೂರಿಗೆ ಮತ್ತೆ ಹೊಂದಿಕೊಳ್ಳುವುದೂ ಒಂದು ಪ್ರಯಾಸವೇ. ಏಪ್ರಿಲಿನಲ್ಲಿ ಮನೆಗೆ ಬಂದ ರಾತ್ರಿ, ತಾಯಿ ಬಿಸಿ ಮುದ್ದೆಯ ಮೇಲೆ ಬಸ್ಸಾರು ಬಿಟ್ಟಾಗ, ಈ ಹುಡುಗಿ ಅಲ್ಲಿಯ ಅಭ್ಯಾಸದಿಂದ ‘ಥ್ಯಾಂಕ್ಸ್ ಅಮ್ಮ’ ಎಂದಳು. ನನ್ನ ತಂಗಿಯ ಕೈ ಸೌಟಿನ ಸಮೇತ ಅಲ್ಲೇ ನಿಂತಿತು. ‘ಯಾಕೆ ಹಂಗಂತೀಯ, ನಾನೇನು ಹೊರಗಿನವಳಾ?’ ಎಂದಾಗ ಅವಳ ಕಣ್ಣಲ್ಲಿ ನೀರಿತ್ತು. ಮಗಳು ಏನೂ ಹೇಳದೆ ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿ, ಇನ್ನೊಂದು ಸೌಟು ಹಾಕೆಂದಳು.